ಕ್ರೈಸ್ತರು ಮೌನವನ್ನು ಹೇಗೆ ಅಭ್ಯಾಸ ಮಾಡಬೇಕು? ಕೂತ ಕೂಡಲೇ ಮನಸ್ಸು ಅಲೆದಾಡಿದರೆ ಏನು ಮಾಡುವುದು?

ಮೊದಲಿಗೆ ಹತ್ತು ನಿಮಿಷ ಸಾಕು, ಆದರೆ ದಿನವೂ ಒಂದೇ ಹೊತ್ತಿಗೆ ಕೂರಿ. ಯೇಸು ಇನ್ನೂ ಕತ್ತಲಿರುವಾಗಲೇ ಎದ್ದು ನಿರ್ಜನ ಸ್ಥಳಕ್ಕೆ ಹೋಗಿ ಪ್ರಾರ್ಥಿಸಿದ್ದು ಮಾರ್ಕನ ಸುವಾರ್ತೆಯಲ್ಲಿದೆ (1:35). ಬೆಳಗ್ಗೆ ದಿನದ ಮಾತುಕತೆ ಇನ್ನೂ ತಲೆಗೆ ಹೊಕ್ಕಿರುವುದಿಲ್ಲ. ಫೋನನ್ನು ಸೈಲೆಂಟ್ ಮಾಡಿ ಪಕ್ಕದಲ್ಲಿಟ್ಟರೆ ಸಾಲದು, ಬೇರೆ ಕೋಣೆಯಲ್ಲಿಡಿ.

ಬೆನ್ನು ನೇರ ಮಾಡಿ ಕೂತು 62ನೇ ಅಥವಾ 131ನೇ ಕೀರ್ತನೆಯ ಒಂದೆರಡು ವಚನಗಳನ್ನು ನಿಧಾನವಾಗಿ ಓದಿ, ಬೈಬಲ್ ಮುಚ್ಚಿ. ಈ ಹೊತ್ತಿನಲ್ಲಿ ಬೇಡಿಕೆಗಳು ಬೇಡ. ದೇವರ ಸನ್ನಿಧಿಯಲ್ಲಿ ಸುಮ್ಮನಿರುವುದೇ ಪ್ರಾರ್ಥನೆ.

ಎರಡು ನಿಮಿಷದೊಳಗೆ ಬಾಕಿ ಕೆಲಸ, ಹಳೆಯ ಜಗಳ ಎಲ್ಲ ಎದ್ದು ಬರುತ್ತವೆ. ಅವುಗಳ ಜೊತೆ ಗುದ್ದಾಡಬೇಡಿ, ಗುದ್ದಾಟವೇ ಇನ್ನೊಂದು ಯೋಚನೆಯಾಗುತ್ತದೆ. ‘ಕರ್ತನೇ’ ಎಂದು ಮನಸ್ಸಿನಲ್ಲೇ ಒಮ್ಮೆ ಹೇಳಿ ಮರಳಿ ಬನ್ನಿ. ಎಡೆಬಿಡದೆ ಜಪಿಸಬೇಕಿಲ್ಲ, ಗಮನ ಸರಿದಾಗ ಮಾತ್ರ. ಹತ್ತು ನಿಮಿಷದಲ್ಲಿ ಮೂವತ್ತು ಸಲ ಮರಳಿದರೂ ಅದು ಸೋಲಲ್ಲ, ಅಭ್ಯಾಸವೇ ಅದು. ಒಂದೇ ನೋವು ದಿನವೂ ಮೇಲೆ ಬಂದರೆ, ಮೌನ ಮುಗಿದ ಮೇಲೆ ಅದನ್ನು ಬಾಯಿಬಿಟ್ಟು ದೇವರಿಗೆ ಹೇಳಿ. ತೂಕಡಿಕೆ ಬಂದರೆ ಕಣ್ಣು ತೆರೆದಿರಲಿ.

ಹೆಚ್ಚಿನವರು ನಿರಾಶರಾಗುವುದು ದೇವರ ಧ್ವನಿ ಕೇಳಿಸಲೇಬೇಕು ಎಂದು ಕಾಯುವುದರಿಂದ. ಏನೂ ಕೇಳಿಸದ ದಿನವೂ ವ್ಯರ್ಥವಲ್ಲ. ಏನಾದರೂ ಹೊಳೆದರೆ ತಕ್ಷಣ ‘ದೇವರೇ ಹೇಳಿದರು’ ಎನ್ನಬೇಡಿ. ಬೈಬಲ್ ವಾಕ್ಯದೊಂದಿಗೆ ಹೋಲಿಸಿ, ಪ್ರೌಢ ವಿಶ್ವಾಸಿಯೊಬ್ಬರ ಹತ್ತಿರ ಮಾತಾಡಿ. ಮೌನದಲ್ಲಿ ಭಯ, ಉಸಿರುಗಟ್ಟುವ ಆತಂಕ ಹೆಚ್ಚಾಗುತ್ತಿದ್ದರೆ ನಿಲ್ಲಿಸಿ, ಗಟ್ಟಿಯಾಗಿ ಕೀರ್ತನೆ ಓದಿ, ಆಪ್ತಸಮಾಲೋಚಕರನ್ನೂ ಕಾಣಿ.