ಪ್ರತಿಕ್ರಿಯೆ: 1816ರ ಸ್ಪ್ರಿಂಗ್‌ಫೀಲ್ಡ್ ಕೋವಿ ಅಸಲಿ ಫ್ಲಿಂಟ್‌ಲಾಕೇ?

ಈ ಅಮೆರಿಕನ್ ಕೋವಿಯ ಲಾಕ್ (ಪಕ್ಕದಲ್ಲಿರುವ, ಮದ್ದು ಹೊತ್ತಿಸುವ ಯಂತ್ರಭಾಗ) ಮೇಲಿನ ಹದ್ದಿನ ಗುರುತು, ಇಸವಿ ಚೆನ್ನಾಗಿ ಕಾಣ್ತಿದೆ, ಹಾಗಾದರೆ ಅಸಲಿ ಫ್ಲಿಂಟ್‌ಲಾಕ್ (ಚಕಮಕಿ ಕಲ್ಲಿನ ಕಿಡಿಯಿಂದ ಹೊಡೆಯುವ ಕೋವಿ) ಅಲ್ವಾ ಎಂದು ಕೇಳಿದ್ದೀರಿ. ಅಷ್ಟಕ್ಕೇ ನಂಬಬೇಡಿ ಸಾರ್. 1816ರ ಮಾದರಿಯ ಈ .69 ಕ್ಯಾಲಿಬರ್ ಮಸ್ಕೆಟ್‌ಗಳಲ್ಲಿ ತುಂಬಾ ಕೋವಿಗಳನ್ನು 1840-50ರ ದಶಕಗಳಲ್ಲಿ ಕಲ್ಲಿನ ಬದಲು ಕೇಪು (ಬಡಿದರೆ ಸಿಡಿಯುವ ಸಣ್ಣ ಲೋಹದ ಟೋಪಿ) ಹಾಕಿ ಹೊಡೆಯುವಂತೆ ಬದಲಾಯಿಸಿದರು. ಆಮೇಲೆ ಜಾಸ್ತಿ ಬೆಲೆ ಸಿಗುತ್ತೆ ಅಂತ ವ್ಯಾಪಾರಿಗಳು ಕೆಲವನ್ನು ಮತ್ತೆ ಫ್ಲಿಂಟ್‌ಲಾಕ್ ಮಾಡಿದರು.

ಮೊದಲು ನಳಿಗೆಯ ಹಿಂತುದಿಯ ಮೇಲ್ಭಾಗ ನೋಡಿ. ಕೇಪಿನ ಮೊಳೆ ಕೂರಿಸಿದ್ದ ತೂತನ್ನು ಮುಚ್ಚಿದ್ದರೆ ಸಣ್ಣ ವೃತ್ತದ ಗುರುತು ಕಾಣಬಹುದು. ಕೆಲವೊಮ್ಮೆ ಅದನ್ನು ಪಾಲಿಶ್ ಮಾಡಿ ಅಳಿಸಿರುತ್ತಾರೆ, ಹಾಗಾಗಿ ನಳಿಗೆಯೊಳಗೆ ಸಣ್ಣ ಲೈಟ್ ಬಿಟ್ಟೂ ನೋಡಿ. ನಂತರ ಲಾಕ್ ಬಿಚ್ಚಿಸಿ. ಮದ್ದಿನ ಬಟ್ಟಲಿನ (ಕಲ್ಲಿನ ಕಿಡಿ ಬೀಳುವ ಪುಟ್ಟ ತಟ್ಟೆ) ಸುತ್ತ ಹಿತ್ತಾಳೆ ತುಂಬಿದ ಹಳೇ ತೂತುಗಳಿವೆಯಾ? ಇದ್ದರೆ ಅಸಲಿ ಫ್ಲಿಂಟ್‌ಲಾಕ್ ಬೆಲೆ ಕೊಡಬೇಡಿ. ಬಿಚ್ಚಲು ಬಿಡದ ಮಾರಾಟಗಾರನಾದರೆ ನಾನಂತೂ ಸುಮ್ನೆ ಎದ್ದು ಬರ್ತೀನಿ.