ಹಸಿರು ಚೀಟಿ ಅಂಟಿಸಿದರೆ ಕಟ್ಟಡ ಗಟ್ಟಿಯಿದೆ ಎಂದೇ?

ಪ್ರಶ್ನೆ: ಭೂಕಂಪವಾದ ನಗರಗಳಲ್ಲಿ ಕಟ್ಟಡಗಳಿಗೆ ಕೆಂಪು, ಹಳದಿ, ಹಸಿರು ಚೀಟಿ ಅಂಟಿಸುತ್ತಾರಲ್ಲ, ಅದನ್ನು ಹೇಗೆ ತೀರ್ಮಾನಿಸುತ್ತಾರೆ? ಹಸಿರಾದರೆ ಮೊದಲಿನಂತೆ ವಾಸಿಸಬಹುದೇ? ಪರಿಹಾರವೂ ಇದರ ಮೇಲೆಯೇ ನಿಲ್ಲುತ್ತದೆಯೇ?
– ಸಿವಿಲ್ ಎಂಜಿನಿಯರಿಂಗ್ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ನೋಡಿದ ಹೊತ್ತಿಗೆ ಒಳಗೆ ಹೋಗಬಾರದಂಥ ಅಪಾಯ ಕಣ್ಣಿಗೆ ಬೀಳಲಿಲ್ಲ, ಹಸಿರು ಚೀಟಿ ಹೇಳುವುದು ಇಷ್ಟನ್ನೇ. ನ್ಯೂಜಿಲೆಂಡಿನ ಕ್ರೈಸ್ಟ್‌ಚರ್ಚ್‌ನಲ್ಲಿ 2010ರ ಸೆಪ್ಟೆಂಬರ್ ಭೂಕಂಪದ ನಂತರ ಆರಂತಸ್ತಿನ ಸಿಟಿವಿ ಕಟ್ಟಡಕ್ಕೆ ಹಸಿರೇ ಸಿಕ್ಕಿತ್ತು. 2011ರ ಫೆಬ್ರವರಿ 22ರಂದು ಮತ್ತೊಂದು ಭೂಕಂಪಕ್ಕೆ ಅದು ಕುಸಿದು 115 ಜನ ಸತ್ತರು. ವಿನ್ಯಾಸದಲ್ಲೇ ಇದ್ದ ದೋಷ ಹೊರನೋಟಕ್ಕೆ ಸಿಗುವಂಥದ್ದಲ್ಲ. ಮುಂದೆ ಆ ದೇಶ ಹಸಿರನ್ನು ಬಿಟ್ಟು ಬಿಳಿ ಚೀಟಿ ತಂದಿತು.

ಮೊದಲ ತಪಾಸಣೆಗೆ ಒಂದು ಕಟ್ಟಡಕ್ಕೆ 10ರಿಂದ 30 ನಿಮಿಷ. ಒಳಗೆ ಕಾಲಿಡುವ ಮುನ್ನ ಸುತ್ತ ಒಂದು ಸುತ್ತು ಬನ್ನಿ. ಯಾವುದಾದರೂ ಅಂತಸ್ತು ವಾಲಿದೆಯೇ ಎಂದು ತೂಗುಗುಂಡು ಬಿಟ್ಟು ನೋಡಿ. ಪ್ಯಾರಾಪೆಟ್, ನೀರಿನ ಟ್ಯಾಂಕ್, ಗ್ಯಾಸ್ ವಾಸನೆ ಗಮನಿಸಿ. ಬಹಳ ಜನ ಮರೆಯುವುದು ಪಕ್ಕದ ಕಟ್ಟಡವನ್ನು. ಅದರ ಗೋಡೆ ಇತ್ತ ಬೀಳುವಂತಿದ್ದರೆ ನಿಮ್ಮದು ಗಟ್ಟಿಯಿದ್ದರೂ ಆ ಕಡೆಯ ಬಾಗಿಲು ಮುಚ್ಚಬೇಕು.

ಹೆಚ್ಚು ಹೊತ್ತು ಕೊಡಬೇಕಾದದ್ದು ನೆಲಮಹಡಿಯ ಪಿಲ್ಲರ್‌ಗಳಿಗೆ. 2001ರ ಗುಜರಾತ್ ಭೂಕಂಪದಲ್ಲಿ ಕೇಂದ್ರಬಿಂದುವಿನಿಂದ 200 ಕಿ.ಮೀ.ಗೂ ದೂರದ ಅಹಮದಾಬಾದಿನಲ್ಲಿ ಉರುಳಿದ ಬಹುಮಹಡಿ ಕಟ್ಟಡಗಳಲ್ಲಿ, ಪಾರ್ಕಿಂಗಿಗೆಂದು ಕೆಳಗೆ ಗೋಡೆಯಿಲ್ಲದೆ ಬಿಟ್ಟವು ಬಹಳ. ಪಿಲ್ಲರಿನ ಮೇಲ್ತುದಿ, ಬುಡ ಎರಡನ್ನೂ ನೋಡಿ. ಪ್ಲಾಸ್ಟರ್ ಕೆರೆದು, ಬಿರುಕು ಕಾಂಕ್ರೀಟಿಗೂ ಇಳಿದಿದೆಯೇ ಎಂದು ಖಚಿತಪಡಿಸಿಕೊಳ್ಳಿ. ಗೋಡೆಗೂ ಬೀಮಿಗೂ ನಡುವಿನ ಸಣ್ಣ ಸೀಳಿಗೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಪಿಲ್ಲರಿನಲ್ಲಿ ಓರೆ ಬಿರುಕು ಆಳಕ್ಕಿಳಿದು, ಕಾಂಕ್ರೀಟ್ ಉದುರಿ, ಕಂಬಿ ಹೊರಗೆ ಬಾಗಿದ್ದರೆ ಕೆಂಪು, ಅಂದರೆ ಒಳಗೆ ಪ್ರವೇಶವಿಲ್ಲ. ಕಂಬಿಗಳನ್ನು ಸುತ್ತಿ ಹಿಡಿಯುವ ರಿಂಗಿನ ತುದಿಯನ್ನು 90 ಡಿಗ್ರಿಗೆ ಮಾತ್ರ ಬಗ್ಗಿಸಿದ್ದರೆ ಕಾಂಕ್ರೀಟಿನ ಹೊದಿಕೆ ಉದುರಿದೊಡನೆ ಅದು ಬಿಚ್ಚಿಕೊಳ್ಳುತ್ತದೆ. ಭೂಕಂಪ ತಡೆಯುವ ಕಾಂಕ್ರೀಟ್ ಕಟ್ಟಡಗಳ ಭಾರತೀಯ ಮಾನದಂಡ ಐಎಸ್ 13920 ಅದಕ್ಕೇ 135 ಡಿಗ್ರಿ ಕೇಳುತ್ತದೆ.

ಕಷ್ಟದ್ದು ಹಳದಿ, ಅಂದರೆ ನಿರ್ಬಂಧದೊಡನೆ ಮಾತ್ರ ಬಳಕೆ. ‘ಅಪಾಯ’ ಎಂದಷ್ಟೇ ಬರೆದರೆ ಯಾರಿಗೂ ಉಪಯೋಗವಿಲ್ಲ. ‘ಪೂರ್ವದ ಮೆಟ್ಟಿಲು ಬಳಸಬೇಡಿ’ ಎಂದು ಬರೆಯಿರಿ. ದಿನಾಂಕ, ಸಮಯ, ಒಳಗೆ ನೋಡಿದ್ದೀರೋ ಇಲ್ಲವೋ ಎಂಬುದೂ ಇರಲಿ. ನೇಪಾಳದಲ್ಲಿ 2015ರ ಏಪ್ರಿಲ್ 25ರ ಭೂಕಂಪವಾಗಿ 17 ದಿನಕ್ಕೆ 7.3 ತೀವ್ರತೆಯ ಮತ್ತೊಂದು ಬಂತು. ಅಂಥ ಪ್ರತಿ ಕಂಪನದ ನಂತರ ಹಳೆಯ ಚೀಟಿಗೆ ಬೆಲೆಯಿಲ್ಲ, ಮತ್ತೆ ನೋಡಲೇಬೇಕು.

ಪರಿಹಾರವನ್ನು ಚೀಟಿಗೆ ಕಟ್ಟಬಾರದು. ಪಕ್ಕದ ಗೋಡೆಯಿಂದ ಕೆಂಪಾದ ಮನೆಗೆ ರಿಪೇರಿಯೇ ಬೇಡವಿರಬಹುದು. ಹಸಿರಾದ ಮನೆಗೆ ಖರ್ಚು ಬರಬಹುದು. ಎರಡನ್ನೂ ಬೆರೆಸಿದರೆ ಮಾಲೀಕರ ಒತ್ತಡ ಚೀಟಿ ಬರೆಯುವವರ ಮೇಲೆ ಬೀಳುತ್ತದೆ, ಆಗ ಜೀವಕ್ಕೇ ಅಪಾಯ. ನಷ್ಟದ ಸಮೀಕ್ಷೆ ಬೇರೆಯೇ ನಡೆಯಲಿ: ಕೋಣೆ ಕೋಣೆಗೂ ಬಿರುಕಿನ ಅಗಲ, ಉದ್ದ ಅಳೆದು, ಆಸರೆ ಕೊಡುವ ಮೊದಲೇ ಫೋಟೋ ತೆಗೆದು, ಬಿರುಕಿನ ಎರಡೂ ತುದಿಗೆ ಪೆನ್ಸಿಲ್ ಗೆರೆ ಎಳೆದು ದಿನಾಂಕ ಹಾಕಬೇಕು. ಬಿರುಕು ಆ ಗೆರೆ ದಾಟಿದರೆ ಮನೆ ಬಿಟ್ಟು ಎಂಜಿನಿಯರನ್ನು ಕರೆಸಿ.