10 ಸಾವಿರ ಡಾಲರ್ ದಾಟಿದರೆ ತಪ್ಪಲ್ಲ, ಒಡೆದು ಕಟ್ಟಬೇಡಿ

ಪ್ರಶ್ನೆ: ನಾನು, ನನ್ನ ಹೆಂಡತಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಸಣ್ಣ ದಿನಸಿ ಅಂಗಡಿ ನಡೆಸುತ್ತಿದ್ದೇವೆ. ಶನಿವಾರ, ಭಾನುವಾರದ ವ್ಯಾಪಾರ ಸೇರಿದರೆ ಸೋಮವಾರ ಬ್ಯಾಂಕಿಗೆ ಕಟ್ಟುವ ನಗದು ಕೆಲವು ಸಲ 12 ಸಾವಿರ ಡಾಲರ್ ಆಗುತ್ತದೆ. ಕೌಂಟರಿನಲ್ಲಿದ್ದವರು "10 ಸಾವಿರ ದಾಟಿದರೆ ಫಾರ್ಮ್ ತುಂಬಬೇಕು, ಇವತ್ತು 9 ಸಾವಿರ ಕಟ್ಟಿ, ಉಳಿದದ್ದು ನಾಳೆ ತನ್ನಿ" ಅಂದರು. ಹಾಗೆ ಮಾಡಬಹುದಾ?

ಉತ್ತರ: ಬೇಡ ಸರ್. ದಯವಿಟ್ಟು ಬೇಡ. 12 ಸಾವಿರ ಇದ್ದರೆ 12 ಸಾವಿರವನ್ನೂ ಒಂದೇ ಸಲಕ್ಕೆ ಕಟ್ಟಿ.

ಒಂದೇ ದಿನ 10 ಸಾವಿರ ಡಾಲರಿಗಿಂತ ಜಾಸ್ತಿ ನಗದು ಬಂದರೆ ಬ್ಯಾಂಕಿನವರು ಸರ್ಕಾರಕ್ಕೆ ವರದಿ ಕಳಿಸಬೇಕು. 1970ರ ಬ್ಯಾಂಕ್ ಸೀಕ್ರೆಸಿ ಆಕ್ಟ್‌ನಿಂದ ಬಂದ ನಿಯಮ ಇದು. ವರದಿ ಕಳಿಸುವುದು ಅವರ ಕೆಲಸ. ನೀವು ಗುರುತಿನ ಚೀಟಿ ತೋರಿಸಿ ವ್ಯಾಪಾರದ ವಿವರ ಹೇಳಿದರೆ ಮುಗಿಯಿತು. ವರದಿ ಹೋದ ಮಾತ್ರಕ್ಕೆ ನಿಮ್ಮ ಮೇಲೆ ಅನುಮಾನ ಬಂತು ಅಂತಲ್ಲ. ಅದಕ್ಕೆ ದಂಡವೂ ಇಲ್ಲ, ಹೊಸ ತೆರಿಗೆಯೂ ಇಲ್ಲ.

ಆದರೆ ಆ ವರದಿ ತಪ್ಪಿಸಬೇಕು ಅಂತಲೇ ಹಣವನ್ನು ಒಡೆದು ಕಟ್ಟಿದರೆ ಅದು ಅಪರಾಧ. 1986ರಿಂದ ಹಾಗೆ. ಅಲ್ಲಿ ಇದನ್ನು ಸ್ಟ್ರಕ್ಚರಿಂಗ್ ಅನ್ನುತ್ತಾರೆ, 5 ವರ್ಷದವರೆಗೆ ಜೈಲು ಆಗಬಹುದು. ಹಣ ಪೂರ್ತಿ ನಿಮ್ಮ ದುಡಿಮೆಯದೇ ಆಗಿದ್ದರೂ ಅಷ್ಟೇ. "ಇದು ಅಪರಾಧ ಅಂತ ಗೊತ್ತಿರಲಿಲ್ಲ" ಅನ್ನುವ ಮಾತು ಒಂದು ಕಾಲಕ್ಕೆ ನಡೆಯುತ್ತಿತ್ತು, 1994ರಲ್ಲಿ ಸುಪ್ರೀಂ ಕೋರ್ಟೇ ಅದನ್ನು ಒಪ್ಪಿತ್ತು, ಆದರೆ ಸಂಸತ್ತು ಅದೇ ವರ್ಷ ಕಾನೂನು ತಿದ್ದಿ ಆ ಬಾಗಿಲು ಮುಚ್ಚಿತು. ಇನ್ನೊಂದು ವಿಷಯ. ಒಡೆದು ಕಟ್ಟುತ್ತಿದ್ದೀರಿ ಅನ್ನಿಸಿದರೆ ಬ್ಯಾಂಕು ಅನುಮಾನದ ವರದಿ ಅಂತ ಬೇರೆಯೇ ಒಂದನ್ನು ಕಳಿಸುತ್ತದೆ, ಅದನ್ನು ನಿಮಗೆ ತಿಳಿಸುವ ಹಾಗೇ ಇಲ್ಲ. ಕೌಂಟರಿನವರು ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಆ ಸಲಹೆಯಿಂದ ಸಿಕ್ಕಿಬೀಳುವವರು ನೀವು.

ಪ್ರಶ್ನೆ: ತೆರಿಗೆ ಕಟ್ಟಿದ ಹಣ, ಮಾಲೀಕರ ಮೇಲೆ ಯಾವ ಕ್ರಿಮಿನಲ್ ಕೇಸೂ ಇಲ್ಲ. ಆದರೂ ಅಮೆರಿಕದ ತೆರಿಗೆ ಇಲಾಖೆ ಸಣ್ಣ ಅಂಗಡಿಯವರ ಖಾತೆಯನ್ನೇ ಮುಟ್ಟುಗೋಲು ಹಾಕಿಕೊಂಡಿತ್ತು ಅಂತ ಓದಿದೆ. ಇದು ಹೇಗೆ ಸಾಧ್ಯ?

ಉತ್ತರ: ಸಾಧ್ಯವಾಗಿದ್ದು ಒಂದೇ ಕಾರಣಕ್ಕೆ. ಅಲ್ಲಿ ಕೇಸು ಮನುಷ್ಯನ ಮೇಲಲ್ಲ, ಹಣದ ಮೇಲೆ. ಸಿವಿಲ್ ಮುಟ್ಟುಗೋಲಿನಲ್ಲಿ ಪ್ರತಿವಾದಿಯ ಜಾಗದಲ್ಲಿ ಡಾಲರ್ ಮೊತ್ತವನ್ನೇ ಬರೆಯುತ್ತಾರೆ. ಹಾಗಾಗಿ ಮಾಲೀಕ ತಪ್ಪಿತಸ್ಥ ಅಂತ ಸಾಬೀತಾಗುವುದು ಬೇಕಿಲ್ಲ, ಬಂಧನವೂ ಬೇಕಿಲ್ಲ. ಐಆರ್‌ಎಸ್, ಅಂದರೆ ಆ ತೆರಿಗೆ ಇಲಾಖೆಯ ಅಧಿಕಾರಿಗಳು ಬ್ಯಾಂಕಿನ ದಾಖಲೆ ತೆಗೆದು, 8 ಸಾವಿರ, 9 ಸಾವಿರ, 9,500 ಅಂತ ಸಾಲಾಗಿ ಕಟ್ಟಿದ್ದು ನೋಡಿ, ನ್ಯಾಯಾಧೀಶರಿಂದ ವಾರಂಟ್ ಪಡೆದು ಖಾತೆಯಲ್ಲಿದ್ದದ್ದನ್ನು ಎತ್ತಿಕೊಂಡು ಹೋಗುತ್ತಿದ್ದರು. ಮಾಲೀಕರಿಗೆ ಗೊತ್ತಾಗುತ್ತಿದ್ದದ್ದು ಆಮೇಲೆ.

ಅಯೋವಾದಲ್ಲಿ ನಗದು ಮಾತ್ರ ತೆಗೆದುಕೊಳ್ಳುವ ಮೆಕ್ಸಿಕನ್ ಊಟದ ಹೋಟೆಲ್ ನಡೆಸುತ್ತಿದ್ದ ಹಿರಿಯ ಮಹಿಳೆಯೊಬ್ಬರಿಂದ 2013ರಲ್ಲಿ ಸುಮಾರು 33 ಸಾವಿರ ಡಾಲರ್ ಹೀಗೇ ಹೋಯಿತು. 10 ಸಾವಿರದೊಳಗೆ ಕಟ್ಟಿದರೆ ಬ್ಯಾಂಕಿನವರಿಗೆ ಕೆಲಸ ಕಡಿಮೆ ಅಂತ ಅವರ ತಾಯಿ ಹೇಳಿಕೊಟ್ಟಿದ್ದರಂತೆ. ನಾರ್ತ್ ಕ್ಯಾರೊಲಿನಾದ ಒಬ್ಬ ಸಣ್ಣ ಅಂಗಡಿಯವರದ್ದು 1 ಲಕ್ಷ 7 ಸಾವಿರ ಡಾಲರಿಗೂ ಜಾಸ್ತಿ. ಅರ್ಧ ವಾಪಸ್ ಕೊಡುತ್ತೇವೆ, ರಾಜಿಗೆ ಬನ್ನಿ ಅಂದರು ಸರ್ಕಾರಿ ವಕೀಲರು. ಅವರು ಒಪ್ಪದೆ ಕೂತರು, 2015ರಲ್ಲಿ ಪೂರ್ತಿ ಬಂತು. ಜಾರ್ಜಿಯಾದ ಬಂದೂಕು ವ್ಯಾಪಾರಿ ಆಂಡ್ರ್ಯೂ ಕ್ಲೈಡ್ ಅವರ 9 ಲಕ್ಷ 40 ಸಾವಿರ ಡಾಲರ್ ಹಿಡಿದು, ಕೊನೆಗೆ 50 ಸಾವಿರ ಇಟ್ಟುಕೊಂಡು ಉಳಿದದ್ದು ಕೊಟ್ಟರು. ಅವರು 2020ರಲ್ಲಿ ಗೆದ್ದು ಸಂಸತ್ತಿಗೇ ಹೋದರು.

ನನಗೆ ಜಾಸ್ತಿ ಸಿಟ್ಟು ಬರುವುದು ಈ ರಾಜಿಯ ಲೆಕ್ಕಾಚಾರದ ಮೇಲೆ. ಖಾತೆ ಖಾಲಿ. ಸಾಮಾನು ಕೊಟ್ಟವರಿಗೆ ಬರೆದ ಚೆಕ್ಕುಗಳು ವಾಪಸ್ ಬರುತ್ತಿವೆ. ಸಂಬಳ ಕೊಡಬೇಕು, ವಕೀಲರಿಗೆ ಫೀಸು ಕಟ್ಟಲಿಕ್ಕೆ ದುಡ್ಡು ಹುಡುಕಬೇಕು, ಇಂಥ ಹೊತ್ತಿಗೆ ಬಂದು "ಅರ್ಧ ತಗೊಳ್ಳಿ" ಅಂದರೆ ಎಷ್ಟು ಜನ ಬೇಡ ಅನ್ನುತ್ತಾರೆ? ತಮ್ಮದೇ ಹಣಕ್ಕೆ ತಾವೇ ಚೌಕಾಸಿ ಮಾಡಬೇಕು. ಇದು ನ್ಯಾಯ ಅಲ್ಲ.

ತೆರಿಗೆ ಆಡಳಿತದ ಮೇಲೆ ಕಣ್ಣಿಡುವ ಇನ್ಸ್‌ಪೆಕ್ಟರ್ ಜನರಲ್ ಕಚೇರಿಯೇ 2017ರಲ್ಲಿ ಇಂಥ 278 ತನಿಖೆಗಳನ್ನು ತೆಗೆದು ನೋಡಿತು. ಶೇಕಡಾ 91ರಲ್ಲಿ ಹಣ ಕಾನೂನುಬದ್ಧ ಮೂಲದ್ದೇ ಆಗಿತ್ತು. ಮಾದಕವಸ್ತು ಮಾರುವವರನ್ನು ಹಿಡಿಯುವುದಕ್ಕೆ ಮಾಡಿದ ಕಾನೂನು, ಸಿಕ್ಕಿದ್ದು ಹೋಟೆಲಿನವರು, ಹಾಲಿನವರು, ಕಿರಾಣಿಯವರು.

ಪ್ರಶ್ನೆ: ಅಂಗಡಿಯ ಇನ್ಶೂರೆನ್ಸ್ ಪಾಲಿಸಿಯಲ್ಲಿ 10 ಸಾವಿರ ಡಾಲರಿನವರೆಗಿನ ನಗದಿಗೆ ಮಾತ್ರ ರಕ್ಷಣೆ. ಹಾಗಾಗಿ ಅಷ್ಟಾಗುವ ಮೊದಲೇ ಬ್ಯಾಂಕಿಗೆ ಕಟ್ಟುತ್ತೇವೆ. ಇದೂ ತಪ್ಪಾ?

ಉತ್ತರ: ತಪ್ಪಲ್ಲ. ಅಪರಾಧ ಆಗುವುದು ವರದಿ ತಪ್ಪಿಸುವ ಉದ್ದೇಶ ಇದ್ದಾಗ ಮಾತ್ರ. ಆಂಡ್ರ್ಯೂ ಕ್ಲೈಡ್ ಹೇಳಿದ್ದೂ ಇದೇ ಇನ್ಶೂರೆನ್ಸ್ ಕಾರಣ, ಆದರೂ ಅವರ ಹಣ ಹಿಡಿದರು. ಅದಕ್ಕೇ ಹೇಳುವುದು, ಪಾಲಿಸಿಯ ಆ ಪುಟ, ದಿನದ ಕ್ಯಾಷ್ ರಿಜಿಸ್ಟರ್ ಚೀಟಿ, ಬ್ಯಾಂಕಿನ ರಸೀದಿ ಮೂರನ್ನೂ ಒಟ್ಟಿಗೆ ಇಡಿ. ದಿನದ ವ್ಯಾಪಾರ ಎಷ್ಟೋ ಅಷ್ಟೇ ಕಟ್ಟಿದ್ದೀರಿ ಅಂತ ಕಾಗದವೇ ಹೇಳಬೇಕು. ಒಂದು ದಿನ 11 ಸಾವಿರ ಆದರೆ ಸಾವಿರ ಹಿಡಿದಿಟ್ಟುಕೊಳ್ಳಬೇಡಿ. ಪೂರ್ತಿ ಕಟ್ಟಿ.

ಪ್ರಶ್ನೆ: ಈಗ ಕಾನೂನು ಬದಲಾಗಿದೆಯಂತಲ್ಲ, ಇನ್ನು ಹೆದರಬೇಕಾಗಿಲ್ಲ ಅಲ್ವಾ?

ಉತ್ತರ: ಹೆದರಿಕೆ ಕಡಿಮೆಯಾಗಿದೆ, ಹೋಗಿಲ್ಲ. 2014ರ ಅಕ್ಟೋಬರಿನಲ್ಲಿ ಐಆರ್‌ಎಸ್ ತಾನೇ ನೀತಿ ಬದಲಿಸಿತು. 2019ರ ಜುಲೈನಲ್ಲಿ ಟ್ಯಾಕ್ಸ್‌ಪೇಯರ್ ಫಸ್ಟ್ ಆಕ್ಟ್ ಬಂದು ಅದು ಕಾನೂನೇ ಆಯಿತು. ಈಗ ಬರೀ ಒಡೆದು ಕಟ್ಟಿದ ಕಾರಣಕ್ಕೆ ಐಆರ್‌ಎಸ್ ಹಣ ಹಿಡಿಯುವ ಹಾಗಿಲ್ಲ. ಆ ಹಣ ಅಕ್ರಮ ಮೂಲದ್ದು ಅಥವಾ ಬೇರೆ ಅಪರಾಧ ಮುಚ್ಚಿಡಲು ಒಡೆದದ್ದು ಅಂತ ನಂಬಲು ಆಧಾರ ಇರಬೇಕು. ನೋಟಿಸ್ ಕೊಟ್ಟ 30 ದಿನದೊಳಗೆ ನೀವು ವಿಚಾರಣೆ ಕೇಳಿದರೆ, ಕೋರ್ಟು ಆಮೇಲಿನ 30 ದಿನದಲ್ಲಿ ತೀರ್ಮಾನಿಸಬೇಕು. ಇದು ದೊಡ್ಡ ಗೆಲುವು, ಮತ್ತು ಅದನ್ನು ತಂದದ್ದು ಹಣ ಕಳೆದುಕೊಂಡ ಅಂಗಡಿಯವರೇ ಎದ್ದು ನಿಂತು ಮಾತಾಡಿದ್ದು. ಆದರೆ ಸ್ಟ್ರಕ್ಚರಿಂಗ್ ಈಗಲೂ ಅಪರಾಧವೇ.

ಅಕಸ್ಮಾತ್ ಮುಟ್ಟುಗೋಲಿನ ನೋಟಿಸ್ ಬಂದರೆ, ಅಧಿಕಾರಿಗಳ ಜೊತೆ ಒಬ್ಬರೇ ಕೂತು ವಿವರಣೆ ಕೊಡಲು ಹೋಗಬೇಡಿ. ಈ ವಿಷಯ ಗೊತ್ತಿರುವ ವಕೀಲರನ್ನು ಅವತ್ತೇ ಹುಡುಕಿ. ನೋಟಿಸಿನಲ್ಲಿ ಎರಡು ದಾರಿ ಇರುತ್ತವೆ: ದಯೆ ತೋರಿಸಿ ಅಂತ ಇಲಾಖೆಗೇ ಅರ್ಜಿ ಹಾಕುವುದು ಒಂದು, ಹಣ ನನ್ನದು ಅಂತ ಕ್ಲೇಮ್ ಹಾಕುವುದು ಇನ್ನೊಂದು. ಕ್ಲೇಮ್ ಹಾಕಿದರೆ ಮಾತ್ರ ಸರ್ಕಾರ ಕೋರ್ಟಿಗೆ ಹೋಗಿ ತನ್ನ ಕಾರಣ ಸಾಬೀತು ಮಾಡಬೇಕು. ಅದಕ್ಕೆ ಕೊನೇ ದಿನಾಂಕ ನೋಟಿಸಿನಲ್ಲೇ ಇರುತ್ತದೆ. ಆ ದಿನ ಕಳೆದರೆ ಯಾವ ನ್ಯಾಯಾಧೀಶರ ಮುಂದೂ ಹೋಗದೆ ಹಣ ಸರ್ಕಾರದ್ದಾಗಿಬಿಡಬಹುದು.